ಹತ್ತೊಂಬತ್ತು ದನಿಗಳ ಬನ

"ಅವ್ವಾ, ಒಂದು ಕಾಡನ್ನು ನಾಲ್ಕು ಮಾಡಿದರೆ ಏನು ನಷ್ಟ? ನಾಲ್ಕನ್ನೂ ಕೂಡಿದರೆ ಮತ್ತೆ ಅಷ್ಟೇ ಕಾಡಲ್ಲವೆ?"

ಹೀಗೆ ಕೇಳಿದವನು ಪುಟ್ಟಮಲ್ಲ. ಬೆಟ್ಟದ ಮಠದ ಶಿಷ್ಯರಲ್ಲಿ ಅವನೇ ಚುರುಕು. ಏನು ಕೇಳಿದರೂ ಒಡನೆ ಉತ್ತರ ಕೊಡುವವನು. ಮಠದ ಗುರು ಎಪ್ಪತ್ತು ದಾಟಿದ ಹೆಂಗಸು. ಅವರನ್ನು ಎಲ್ಲರೂ ಅವ್ವ ಎಂದೇ ಕರೆಯುತ್ತಿದ್ದರು. ಮಠಕ್ಕೆ ಸೇರಿದ ಕಾಡಿನ ಉಸ್ತುವಾರಿಯನ್ನು ಆ ವರ್ಷ ಅವ್ವ ಮಲ್ಲನಿಗೆ ವಹಿಸಿದ್ದರು.

ಬೆಟ್ಟದ ಕೆಳಗಿನ ಊರಿನವರು ಬಂದು ಹೊಲಕ್ಕೆ ಜಾಗ ಕೇಳಿದ್ದರು. ಮಲ್ಲ ಒಂದು ನಕ್ಷೆ ಬರೆದಿದ್ದ. ಕಾಡಿನ ನಡುವೆ ಮೂರು ಪಟ್ಟಿ ಹೊಲ, ಉಳಿದದ್ದು ನಾಲ್ಕು ತುಂಡು ಕಾಡು. ಹದಿನಾರು ಪಾಲಿನಲ್ಲಿ ಒಂದು ಪಾಲು ಮಾತ್ರ ಹೋಗುತ್ತಿತ್ತು. ಗಡಿಕಲ್ಲುಗಳು ತಯಾರಾಗಿ ಅಂಗಳದಲ್ಲಿ ಮಲಗಿದ್ದವು. ಅವ್ವ ಹೂಂ ಎಂದರೆ ನಾಳೆ ನೆಡುವುದು.

"ಕೂಡಿದರೆ ಅಷ್ಟೇ" ಎಂದರು ಅವ್ವ. "ನಿನಗೆ ಅನುಮಾನ ಯಾಕೆ ಬಂತು?"

"ಅನುಮಾನವಿಲ್ಲ ಅವ್ವಾ. ಕಾಡಿನ ಮೂಡಣ ತುಂಡನ್ನು ಗಾಡಿದಾರಿ ಬೇರೆ ಮಾಡಿ ಮೂವತ್ತು ವರ್ಷವಾಯಿತು. ಇವತ್ತು ಬೆಳಗ್ಗೆ ಅದರ ಅಂಚಿನಲ್ಲಿ ನಿಂತು ಕಿವಿಗೊಟ್ಟು ಎಣಿಸಿ ಬಂದೆ. ದೊಡ್ಡ ಕಾಡಿನಲ್ಲಿ ಇರುವ ಹಕ್ಕಿಗಳೆಲ್ಲ ಅಲ್ಲೂ ಇವೆ. ಒಂದು ದನಿಯೂ ಕಡಿಮೆಯಿಲ್ಲ."

"ಒಳಗೆ ಹೋಗಿದ್ದೆಯಾ?"

"ಯಾಕೆ? ಹೊರಗಿನಿಂದಲೇ ಚೆನ್ನಾಗಿ ಕೇಳಿಸುತ್ತಿತ್ತು."

ಅವ್ವ ಅವರೆಕಾಯಿ ಬಿಡಿಸುತ್ತಿದ್ದರು. ಮೊರವನ್ನು ಬದಿಗೆ ಸರಿಸಿದರು. ಕತೆ ಹೇಳಿದರು.

ಒಂದು ಸೀಮೆಯಲ್ಲಿ ಐದು ಊರುಗಳಿದ್ದವು. ಐದಕ್ಕೂ ಸೇರಿ ಒಂದೇ ಕಾಡು. ಕಾಡು ದೇವರದು. ಅಂಚಿನಿಂದ ಅದರ ನಡುವಿಗೆ ಹೋಗಲು ಬಹಳ ಹೊತ್ತು ನಡೆಯಬೇಕು ಎನ್ನುತ್ತಿದ್ದರು. ನಡೆದು ನೋಡಿದವರು ಮಾತ್ರ ಯಾರೂ ಇರಲಿಲ್ಲ. ದೇವರ ಕಾಡಿನೊಳಗೆ ಕಾಲಿಡಬಾರದು. ಕಾಲಿಡುವುದಿರಲಿ, ಅದರೊಳಗಿನ ಜೀವಗಳನ್ನು ಕಣ್ಣಿಟ್ಟು ಎಣಿಸಲೂ ಬಾರದು.

ಊರುಗಳು ಬೆಳೆದವು. ಹೊಲ ಸಾಲದಾಯಿತು. ಆಗ ಒಬ್ಬ ಗೌಡ ಐದು ಊರಿಗೂ ಒಪ್ಪುವ ಹಾಗೆ ಹಂಚಿಕೆ ಮಾಡಿದ. ಒಂದು ಕಾಡನ್ನು ಐದು ಬನ ಮಾಡಿದ. ಒಂದೊಂದು ಊರ ಬಾಗಿಲಿಗೆ ಒಂದೊಂದು ಬನ ಬಂತು. ನಡುನಡುವೆ ಬಿಟ್ಟ ಪಟ್ಟಿಗಳಲ್ಲಿ ಮರ ಕಡಿದು ಹೊಲ ಮಾಡಿಕೊಂಡರು. ಹಗ್ಗ ಹಿಡಿದು ಅಳೆದವನು ಗೌಡನೇ. ಯಾವ ಊರಿಗೂ ಒಂದು ಗೇಣು ಹೆಚ್ಚು ಹೋಗಲಿಲ್ಲ, ಒಂದು ಗೇಣು ಕಡಿಮೆ ಬರಲಿಲ್ಲ.

ದೇವರಿಗೂ ಅನ್ಯಾಯವಾಗಬಾರದೆಂದು ಗೌಡ ಒಂದು ಕಟ್ಟಳೆ ಇಟ್ಟ. ಹಂಚಿಕೆಯ ದಿನ ಕಾಡಿನಲ್ಲಿ ಹತ್ತೊಂಬತ್ತು ಬಗೆಯ ಹಕ್ಕಿದನಿ ಕೇಳಿಸಿತ್ತು. ಇನ್ನು ಮುಂದೆ ವರ್ಷಕ್ಕೊಮ್ಮೆ, ಯುಗಾದಿ ಕಳೆದ ಮೊದಲ ಸೋಮವಾರ, ಬೆಳಕು ಹರಿಯುವ ಹೊತ್ತಿಗೆ, ಪ್ರತಿ ಊರಿನ ಎಣಿಕೆಯವಳು ತನ್ನ ಬನದ ಹೊಸ್ತಿಲುಗಲ್ಲಿನ ಮೇಲೆ ನಿಲ್ಲಬೇಕು. ಬನಕ್ಕೆ ಬೆನ್ನು ಕೊಡಬೇಕು. ಕಣ್ಣಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ಒಂದು ಸಿಳ್ಳು ಹಾಕಿ, ಬಂದಿದ್ದೇನೆ ಎಂದು ಬನಕ್ಕೆ ತಿಳಿಸಬೇಕು. ಆಮೇಲೆ ಒಂದೊಂದು ಬಗೆಯ ದನಿ ಕೇಳಿಸಿದಾಗ ಒಂದೊಂದು ಹೊಂಗೆಬೀಜವನ್ನು ತಾಮ್ರದ ತಂಬಿಗೆಗೆ ಹಾಕಬೇಕು. ಹತ್ತೊಂಬತ್ತು ಬೀಜ ಬಿದ್ದರೆ ಆ ವರ್ಷ ನೇಗಿಲು ಹೂಡಬಹುದು. ಒಂದೇ ಒಂದು ಕಡಿಮೆಯಾದರೂ ಬನಕ್ಕೆ ಅಂಟಿದ ಹೊಲಗಳನ್ನು ಬೀಳು ಬಿಡಬೇಕು. ಆ ದನಿ ಮರಳಿ ಬರುವವರೆಗೆ ಅವು ಕಾಡಿನ ಪಾಲು.

ಕಟ್ಟಳೆ ಗಟ್ಟಿಯಾಗಿತ್ತು. ಬೀಜ ಯಾವ ವರ್ಷವೂ ಕಡಿಮೆಯಾಗಲಿಲ್ಲ.

ಮೊದಲನೆಯ ಊರಿಗೆ ಎಲ್ಲಿಂದಲೋ ಒಬ್ಬ ಹೆಂಗಸು ಬಂದಳು. ಕೈಯಲ್ಲಿ ಒಂದು ಗುದ್ದಲಿ ಬಿಟ್ಟರೆ ಬೇರೇನೂ ಇರಲಿಲ್ಲ. ಯಾರ ಮಗಳು, ಯಾರ ಹೆಂಡತಿ ಎಂದು ಕೇಳಿದವರಿಗೆ "ಗುದ್ದಲಿಯನ್ನು ಕೇಳಿ" ಎನ್ನುತ್ತಿದ್ದಳು. ಹಾಗಾಗಿ ಗುದ್ದಲಿಯವಳು ಎಂದೇ ಅವಳಿಗೆ ಹೆಸರಾಯಿತು.

ಮೊದಲ ಬನಕ್ಕೂ ಎರಡನೆಯ ಬನಕ್ಕೂ ನಡುವೆ ನಲವತ್ತು ಮಾರು ಅಗಲದ ಪಟ್ಟಿಯೊಂದಿತ್ತು. ಕಡಿದ ಮರಗಳ ಬೊಡ್ಡೆ, ಮೊಣಕಾಲುದ್ದದ ಕಲ್ಲು ತುಂಬಿ ಅದು ಯಾರಿಗೂ ಬೇಡವಾಗಿ ಬಿದ್ದಿತ್ತು. ಗುದ್ದಲಿಯವಳು ಅದನ್ನು ಕೇಳಿದಳು. ಗೌಡ ನಕ್ಕು ಕೊಟ್ಟ. ಅವಳು ಮೂರು ವರ್ಷ ಬೊಡ್ಡೆ ಕಿತ್ತಳು. ಇನ್ನೂ ಏಳು ವರ್ಷ ಕಲ್ಲು ಹೆಕ್ಕಿ ಬದುವಿಗೆ ಒಟ್ಟಿದಳು. ಬೆನ್ನು ಬಾಗಿತು, ಹೊಲ ನೆಟ್ಟಗಾಯಿತು. ಹತ್ತನೆಯ ವರ್ಷ ಅಲ್ಲಿ ಎದ್ದ ರಾಗಿ ತೆನೆಯನ್ನು ನೋಡಿ, ನಕ್ಕವರೇ ಬಿತ್ತನೆಗೆ ಕಾಳು ಕೇಳಿಕೊಂಡು ಬಂದರು. ಅವಳು ಕೊಟ್ಟಳು. "ಕಲ್ಲೂ ಇದೆ, ಬೇಕಾದರೆ ಅದನ್ನೂ ಒಯ್ಯಿರಿ" ಎಂದಳು.

ಊರಿನಲ್ಲಿ ಅವಳೊಂದಿಗೆ ಮೊದಲಿನಿಂದ ಮಾತನಾಡುತ್ತಿದ್ದವಳು ಎಣಿಕೆಯ ಮುದುಕಿ ಒಬ್ಬಳೇ. ಮುದುಕಿಗೂ ಹಿಂದೆ ಮುಂದೆ ಯಾರೂ ಇರಲಿಲ್ಲ. ಮುಂದಿನ ಎರಡು ಹಲ್ಲು ಬಿದ್ದು ಅವಳ ಸಿಳ್ಳು ನಡುವೆ ಒಡೆಯುತ್ತಿತ್ತು. ಉದ್ದಕ್ಕೆ ಎದ್ದು, ಉಸ್ಸೆಂದು ಗಾಳಿ ಬಿಟ್ಟು, ಮತ್ತೆ ಕೂಡಿಕೊಳ್ಳುತ್ತಿತ್ತು. ಊರಿನವರು ಅದನ್ನು ಅಣಕಿಸಲು ನೋಡುತ್ತಿದ್ದರು. ಹಲ್ಲು ಇದ್ದವರಿಗೆ ಅದು ಬರುತ್ತಿರಲಿಲ್ಲ.

ಸಾಯುವ ಕಾಲಕ್ಕೆ ಮುದುಕಿ ತಂಬಿಗೆಯನ್ನು ಗುದ್ದಲಿಯವಳ ಕೈಗಿಟ್ಟಳು.

"ದನಿಗಳನ್ನು ಎಣಿಸು. ದನಿಗಳ ನಡುವೆ ಇರುವುದನ್ನು ಎಣಿಸಬೇಡ."

"ನಡುವೆ ಏನಿದೆ?"

"ನಿನ್ನ ಹೊಲ ಬನಕ್ಕೆ ಅಂಟಿಕೊಂಡೇ ಇದೆಯಲ್ಲವೆ? ಎಣಿಸಬೇಡ ಮಗಳೆ."

ಮುದುಕಿ ಕಣ್ಣು ಮುಚ್ಚಿದಳು. ಅವಳನ್ನು ಮಣ್ಣು ಮಾಡಿ ಬಂದರು.

ಮೊದಲ ವರ್ಷ ಗುದ್ದಲಿಯವಳು ಹೊಸ್ತಿಲುಗಲ್ಲಿನ ಮೇಲೆ ನಿಂತಳು. ಬನಕ್ಕೆ ಬೆನ್ನು ಕೊಟ್ಟಳು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡಳು. ಸಿಳ್ಳು ಹಾಕಿದಳು. ಮೊದಲು ಮಂಗಟ್ಟೆ ಕೂಗಿತು. ಬೀಜ ಹಾಕಿದಳು. ಆಮೇಲೆ ಕುಟ್ರುಹಕ್ಕಿ. ಆಮೇಲೆ ಕಾಡುಕೋಳಿ, ಮರಕುಟಿಗ, ಹಸಿರು ಪಾರಿವಾಳ, ಕೆಂಬೂತ. ಹೀಗೆ ಸಾಗಿ ಕೊನೆಗೆ ಕಾಜಾಣ. ತಂಬಿಗೆಯಲ್ಲಿ ಹತ್ತೊಂಬತ್ತು ಬೀಜ. ಊರಿಗೆ ಊರೇ ನೇಗಿಲು ಹೂಡಿತು.

ಎರಡನೆಯ ವರ್ಷವೂ ಹತ್ತೊಂಬತ್ತು. ಆದರೆ ಈ ಸಲ ಮನೆಗೆ ಬಂದ ಮೇಲೆ ಅವಳಿಗೆ ಒಂದು ನೆನಪು ತಾಗಿತು. ಮೊದಲು ಮಂಗಟ್ಟೆ, ಆಮೇಲೆ ಕುಟ್ರುಹಕ್ಕಿ, ಆಮೇಲೆ ಕಾಡುಕೋಳಿ. ಹೋದ ವರ್ಷವೂ ಇದೇ ಸಾಲು. ಹಕ್ಕಿಗಳು ಸಾಲಿನಲ್ಲಿ ನಿಂತು ಕೂಗುವುದನ್ನು ಅವಳು ಕಂಡಿರಲಿಲ್ಲ. ಸಂತೆಯಲ್ಲಿ ಮನುಷ್ಯರೇ ಸಾಲಾಗಿ ನಿಲ್ಲುವುದಿಲ್ಲ.

ಇನ್ನೊಂದು ನೆನಪು ಅದಕ್ಕಿಂತ ನಿಧಾನವಾಗಿ ಬಂತು. ಎಂಟನೆಯ ಬೀಜ ಅವಳ ಬೆರಳಿನಿಂದ ಜಾರಿ ಹುಲ್ಲಿಗೆ ಬಿದ್ದಿತ್ತು. ಅದನ್ನು ತಡಕಿ ಹುಡುಕಿ ತಂಬಿಗೆಗೆ ಹಾಕುವವರೆಗೆ ಬನ ಸುಮ್ಮನಿತ್ತು. ಬೀಜ ಟಣ್ ಎಂದು ಬಿದ್ದ ಮೇಲೆಯೇ ಒಂಬತ್ತನೆಯ ದನಿ ಬಂದಿತ್ತು.

ಬನ ಅವಳಿಗಾಗಿ ಕಾದಿತ್ತು.

ಎಣಿಸಬೇಡ ಎಂದಿದ್ದಳು ಮುದುಕಿ. ಗುದ್ದಲಿಯವಳು ರಾಗಿ ಬಿತ್ತಿದಳು, ಕಳೆ ತೆಗೆದಳು, ಕೊಯ್ದಳು. ಆ ನೆನಪನ್ನು ಯಾರಿಗೂ ಹೇಳಲಿಲ್ಲ.

ಮೂರನೆಯ ವರ್ಷ ಕಲ್ಲಿನ ಮೇಲೆ ನಿಂತು ಸಿಳ್ಳು ಹಾಕಿದಳು. ಬೆನ್ನ ಹಿಂದಿನಿಂದ, ಬನದ ಒಳಗಿನಿಂದ, ಒಂದು ಸಿಳ್ಳು ಬಂತು. ಉದ್ದಕ್ಕೆ ಎದ್ದಿತು. ನಡುವೆ ಉಸ್ಸೆಂದು ಒಡೆಯಿತು. ಮತ್ತೆ ಕೂಡಿಕೊಂಡಿತು.

ಅದು ಸತ್ತ ಮುದುಕಿಯ ಸಿಳ್ಳು.

ಆಮೇಲೆ ಮಂಗಟ್ಟೆ ಕೂಗಿತು. ಗುದ್ದಲಿಯವಳ ಕೈ ಮೇಲೇಳಲಿಲ್ಲ. ಬೀಜಗಳು ಮುಷ್ಟಿಯಲ್ಲೇ ಇದ್ದವು. ಬನ ಸ್ವಲ್ಪ ಹೊತ್ತು ಕಾಯಿತು. ಆಮೇಲೆ ಬನದೊಳಗೆ ಟಣ್ ಎಂದಿತು. ತಾಮ್ರದ ತಂಬಿಗೆಗೆ ಹೊಂಗೆಬೀಜ ಬಿದ್ದ ಸದ್ದು. ಅದರ ಹಿಂದೆಯೇ ಕುಟ್ರುಹಕ್ಕಿ ಕೂಗಿತು.

ಅವಳು ಕಲ್ಲಿನ ಮೇಲೆ ನಿಂತೇ ಇದ್ದಳು. ಹತ್ತೊಂಬತ್ತು ದನಿ ಬಂದವು. ನಡುನಡುವೆ ಟಣ್, ಟಣ್ ಎಂದು ಬೀಜ ಬಿದ್ದವು. ಎಲ್ಲ ಮುಗಿದ ಮೇಲೆ ಕಣ್ಣಿನ ಬಟ್ಟೆ ಬಿಚ್ಚಿ ತಂಬಿಗೆ ನೋಡಿದಳು. ಅದು ಖಾಲಿಯಿತ್ತು.

ಗೌಡ ಅಷ್ಟು ಹೊತ್ತಿಗೆ ಮುಪ್ಪಾಗಿದ್ದ. ಜಗಲಿಯ ಮೇಲೆ ಕುಳಿತು ಎಲೆ ಅಡಿಕೆ ಕುಟ್ಟುತ್ತಿದ್ದ.

"ಗೌಡರೆ, ಬನದೊಳಗಿಂದ ಮುದುಕಿ ಸಿಳ್ಳು ಹಾಕಿದಳು."

"ಹಾಕಲಿ ಬಿಡು. ಬದುಕಿದ್ದಾಗ ನಮ್ಮೆಲ್ಲರ ಕಿವಿ ಕೊರೆದಳು. ಸತ್ತ ಮೇಲೆ ದೇವರ ಕಿವಿ ಕೊರೆಯಲಿ. ದನಿ ಎಷ್ಟು?"

"ಹತ್ತೊಂಬತ್ತು."

"ಹಾಗಾದರೆ ಹೋಗಿ ಉಳು."

ಅವಳು ಉಳಲಿಲ್ಲ. ಮರುದಿನ ಬೆಳಕು ಹರಿಯುವಾಗ ಮತ್ತೆ ಹೊಸ್ತಿಲುಗಲ್ಲಿಗೆ ಬಂದಳು. ಈ ಸಲ ಬನಕ್ಕೆ ಮುಖ ಮಾಡಿದಳು. ಕಲ್ಲನ್ನು ದಾಟಿ ಒಳಗೆ ಕಾಲಿಟ್ಟಳು.

ಒಳಗೆ ಕತ್ತಲೆ ಇರುತ್ತದೆ ಎಂದುಕೊಂಡಿದ್ದಳು. ಕತ್ತಲೆ ಇರಲಿಲ್ಲ. ಇನ್ನೂರು ಹೆಜ್ಜೆಗೆ ಬನದ ನಡು ಬಂತು. ಅಲ್ಲಿ ನಿಂತು ತಿರುಗಿದರೆ ನಾಲ್ಕು ಕಡೆಯಲ್ಲೂ ಮರಗಳ ಸಂದಿನಿಂದ ಹೊಲಗಳೇ ಕಾಣುತ್ತಿದ್ದವು. ಯಾರೋ ಎತ್ತಿಗೆ ಬೈಯುವುದು ಸ್ಪಷ್ಟವಾಗಿ ಕೇಳಿಸುತ್ತಿತ್ತು. ಗಾಳಿ ಒಂದು ಕಡೆಯಿಂದ ಬಂದು ತಡೆಯಿಲ್ಲದೆ ಇನ್ನೊಂದು ಕಡೆಗೆ ಹೋಗುತ್ತಿತ್ತು. ಕಾಲ ಕೆಳಗಿನ ಎಲೆ ಹಪ್ಪಳದಂತೆ ಪುಡಿಯಾಗುತ್ತಿತ್ತು.

ಮರಗಳೆಲ್ಲ ದೊಡ್ಡವು. ಎಲ್ಲವೂ ಮುದಿ. ಅವಳು ಒಂದು ಸಸಿಗಾಗಿ ಹುಡುಕಿದಳು. ಸೊಂಟದೆತ್ತರದ್ದು ಇರಲಿಲ್ಲ, ಮೊಣಕಾಲೆತ್ತರದ್ದು ಇರಲಿಲ್ಲ, ಗೇಣುದ್ದದ್ದೂ ಇರಲಿಲ್ಲ. ಹಣ್ಣು ಮಾತ್ರ ಮರದ ಬುಡದಲ್ಲಿ ರಾಶಿ ಬಿದ್ದಿತ್ತು. ಕೊಳೆತ ಹಣ್ಣಿನ ಮೇಲೆ ಒಣಗಿದ ಹಣ್ಣು, ಅದರ ಮೇಲೆ ಮತ್ತೆ ಹಣ್ಣು. ಯಾರೂ ತಿಂದಿರಲಿಲ್ಲ. ಯಾರೂ ಬೀಜವನ್ನು ಬೇರೆಡೆಗೆ ಒಯ್ದಿರಲಿಲ್ಲ. ಮಂಗಟ್ಟೆ ಗೂಡು ಮಾಡುವ ಪೊಟರೆ ಒಂದು ಕಂಡಿತು. ಅದರ ಬಾಯಿಗೆ ಜೇಡ ಬಲೆ ಕಟ್ಟಿತ್ತು. ಬಲೆಯ ಮೇಲೆ ದೂಳು ಕೂತಿತ್ತು. ದೂಳು ಬಹಳ ವರ್ಷದ್ದು.

ಒಂದು ಬರಿಯ ಕೊಂಬೆಯ ಮೇಲೆ ಒಂದು ಕಪ್ಪು ಹಕ್ಕಿ ಕುಳಿತಿತ್ತು. ಕಾಜಾಣ. ಅದರ ಬಾಲದಲ್ಲಿ ಎರಡು ಉದ್ದನೆಯ ಎಳೆ ಇರಬೇಕು, ಎಳೆಯ ತುದಿಗೆ ಒಂದೊಂದು ಗರಿ ಇರಬೇಕು. ಇದಕ್ಕೆ ಒಂದು ಎಳೆ ಮಾತ್ರ ಉಳಿದಿತ್ತು. ಮುದಿ ಹಕ್ಕಿ.

ಅದು ಅವಳನ್ನು ನೋಡಿತು. ಅವಳ ಕೈಯನ್ನು ನೋಡಿತು. ಆಮೇಲೆ ಮುದುಕಿಯ ಸಿಳ್ಳು ಹಾಕಿತು.

ಮಂಗಟ್ಟೆಯ ದನಿ ತೆಗೆಯಿತು. ಕಾಯಿತು. ಅವಳ ಬಳಿ ಬೀಜವಿರಲಿಲ್ಲ. ಹಕ್ಕಿ ತಾನೇ ಟಣ್ ಎಂದಿತು. ಕುಟ್ರುಹಕ್ಕಿಯ ದನಿ ತೆಗೆಯಿತು. ಟಣ್. ಕಾಡುಕೋಳಿ. ಟಣ್. ಆ ಹಕ್ಕಿ ಮಂಗಟ್ಟೆಯನ್ನು ಕಂಡಿತ್ತೋ ಇಲ್ಲವೋ ಯಾರು ಬಲ್ಲರು? ತಾಯಿಯಿಂದ ಕಲಿತಿರಬಹುದು. ತಾಯಿ ತನ್ನ ತಾಯಿಯಿಂದ ಕಲಿತಿರಬಹುದು. ಇಲ್ಲದ ಹಕ್ಕಿಗಳ ದನಿಯೆಲ್ಲ ಆ ಒಂದು ಕೊರಳಿನಲ್ಲಿತ್ತು.

ಹದಿನೆಂಟು ಮುಗಿದವು. ಹತ್ತೊಂಬತ್ತನೆಯದು ಕಾಜಾಣದ ಸ್ವಂತ ದನಿ. ಅದನ್ನು ಕೂಗುವ ಮೊದಲು ಹಕ್ಕಿ ಕೊಂಬೆಯ ಮೇಲೆ ತಿರುಗಿ ಕುಳಿತಿತು. ಅವಳಿಗೆ ಬೆನ್ನು ಮಾಡಿ ಎರಡನೆಯ ಬನದ ಕಡೆಗೆ ಮುಖ ಮಾಡಿತು. ಕೂಗಿತು. ಈ ಸಲ ಟಣ್ ಎನ್ನಲಿಲ್ಲ. ಕತ್ತು ಓರೆ ಮಾಡಿ ಕೇಳಿಸಿಕೊಂಡಿತು. ಬಹಳ ಹೊತ್ತು ಕೇಳಿಸಿಕೊಂಡಿತು. ಮತ್ತೆ ಕೂಗಿತು. ಮತ್ತೆ ಕತ್ತು ಓರೆ ಮಾಡಿತು.

ಅದು ನೋಡುತ್ತಿದ್ದ ಕಡೆಗೆ ಅವಳೂ ನೋಡಿದಳು. ಎರಡನೆಯ ಬನ ಅಲ್ಲೇ ಇತ್ತು. ನಡುವೆ ನಲವತ್ತು ಮಾರು ಬಿಸಿಲು. ಒಂದು ಪೊದೆಯಿಲ್ಲ, ಒಂದು ನೆರಳಿಲ್ಲ, ಕೂರಲು ಒಂದು ಕಡ್ಡಿಯಿಲ್ಲ. ಮೇಲೆ ಒಂದು ಗಿಡುಗ ನಿಧಾನವಾಗಿ ಸುತ್ತುತ್ತಿತ್ತು. ಅಷ್ಟು ಚೊಕ್ಕಟವಾಗಿ ಮಾಡಿದ ಹೊಲ ಆ ಸೀಮೆಯಲ್ಲಿ ಇನ್ನೊಂದಿರಲಿಲ್ಲ.

ಅದು ಅವಳ ಹೊಲ.

ಆಗ ಅವಳಿಗೆ ತಿಳಿಯಿತು, ಮುದುಕಿಗೆ ಎಲ್ಲವೂ ಗೊತ್ತಿತ್ತು ಎಂದು. ದನಿಗಳ ನಡುವೆ ಇದ್ದದ್ದು ಮೌನ. ಒಂದು ಕೂಗಿದಾಗ ಇನ್ನೊಂದು ಕೂಗುತ್ತಿರಲಿಲ್ಲ. ಒಂದಕ್ಕೆ ಇನ್ನೊಂದು ಎಂದೂ ಓಗೊಡುತ್ತಿರಲಿಲ್ಲ. ಅದನ್ನು ಎಣಿಸಿದವಳು ಹೊಲ ಕಳೆದುಕೊಳ್ಳುತ್ತಾಳೆ. ಮುದುಕಿ ಅವಳ ಹೊಲವನ್ನು ಅವಳಿಗೆ ಉಳಿಸಿ ಹೋಗಿದ್ದಳು.

ಮೂರು ದಿನ ಗುದ್ದಲಿಯವಳು ಬದುವಿನ ಮೇಲೆ ಕುಳಿತಳು. ಬದುವಿನ ಕಲ್ಲುಗಳಲ್ಲಿ ಅವಳು ಹೊರದ ಕಲ್ಲಿರಲಿಲ್ಲ. ಯಾವ ಕಲ್ಲಿಗೆ ಯಾವ ಬೆರಳು ಜಜ್ಜಿತ್ತು ಎಂಬುದೂ ನೆನಪಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಸುಳ್ಳು ಹೇಳಬೇಕಾಗಿಯೂ ಇರಲಿಲ್ಲ. ದನಿಗಳು ನಿಜವಾಗಿಯೂ ಹತ್ತೊಂಬತ್ತು ಇದ್ದವು. ಪ್ರತಿದಿನ ಬೆಳಗ್ಗೆ ಬನದೊಳಗಿಂದ ಮುದುಕಿ ಸಿಳ್ಳು ಹಾಕುತ್ತಿದ್ದಳು.

ನಾಲ್ಕನೆಯ ದಿನ ಊರು ಸೇರಿದಾಗ ಅವಳು ಒಳಗೆ ಹೋದದ್ದನ್ನೂ ಕಂಡದ್ದನ್ನೂ ಹೇಳಿದಳು. ಊರು ಗುಜುಗುಜು ಎಂದಿತು. ಗೌಡನಿಗೆ ಸಿಟ್ಟು ಬಂತು.

"ನಾನು ದೇವರ ಕಾಡನ್ನು ನುಂಗಿದ್ದೇನೆಯೆ? ಹಗ್ಗ ಹಿಡಿದು ಅಳೆದು ಹಂಚಿದ್ದೇನೆ. ನಡುವೆ ನಾಲ್ಕು ಪಟ್ಟಿ ಬಿಟ್ಟರೆ ಆಗ ಎಷ್ಟು ಕಾಡಿತ್ತೋ ಈಗಲೂ ಅಷ್ಟೇ ಇದೆ."

ಗುದ್ದಲಿಯವಳು ಎದ್ದಳು. ಮನೆಗೆ ಹೋಗಿ ತನ್ನ ಹಳೆಯ ಸೀರೆ ತಂದಳು. ನಡುವಿಗೆ ಹರಿದು ಎರಡು ಮಾಡಿದಳು. ಎರಡನ್ನೂ ಬಾವಿಯ ನೀರಿನಲ್ಲಿ ಅದ್ದಿದಳು. ಒಂದರ್ಧವನ್ನು ಹಾಗೆಯೇ ಮಡಿಸಿ ಜಗಲಿಯ ಮೇಲಿಟ್ಟಳು. ಇನ್ನೊಂದರ್ಧವನ್ನು ಐದು ತುಂಡು ಮಾಡಿ ಬೇಲಿಯ ಮೇಲೆ ಹರಡಿದಳು.

"ಸೀರೆ ಹರಿದುಕೊಂಡು ನ್ಯಾಯಕ್ಕೆ ಬಂದವಳು ನೀನೊಬ್ಬಳೇ ಕಣಮ್ಮ" ಎಂದ ಗೌಡ. ಜನ ನಕ್ಕರು. ವಾದ ಮಧ್ಯಾಹ್ನದವರೆಗೆ ನಡೆಯಿತು. ಆಗ ಅವಳು ಎದ್ದು ಐದು ತುಂಡುಗಳನ್ನೂ ತಂದು ಗೌಡನ ಮಡಿಲಿಗೆ ಹಾಕಿದಳು. ಅವು ಗರಿಗರಿ ಒಣಗಿದ್ದವು. ಮಡಿಸಿಟ್ಟ ಅರ್ಧವನ್ನು ಹಿಂಡಿದಳು. ಜಗಲಿಯಿಂದ ನೀರು ಕೆಳಗಿಳಿಯಿತು.

"ಬಟ್ಟೆ ಎರಡು ಕಡೆಯೂ ಅಷ್ಟೇ ಗೌಡರೆ. ನೀವು ಅಳೆದದ್ದು ಬಟ್ಟೆಯನ್ನು."

ಗೌಡ ಒದ್ದೆ ಸೀರೆಯನ್ನು ನೋಡಿದ. ಒಣಗಿದ ತುಂಡುಗಳನ್ನು ಮುಟ್ಟಿ ನೋಡಿದ. ಅವನು ದಡ್ಡನಲ್ಲ. ಆದರೆ ಅವನ ಸುತ್ತ ನಿಂತವರಲ್ಲಿ ಹೊಲವಿಲ್ಲದವನು ಒಬ್ಬನೂ ಇರಲಿಲ್ಲ.

"ದನಿ ಎಣಿಸು ಎಂದು ಕಟ್ಟಳೆ" ಎಂದ. "ಕೊರಳು ಎಣಿಸು ಎಂದು ಕಟ್ಟಳೆಯಿಲ್ಲ. ದನಿ ಹತ್ತೊಂಬತ್ತು ಇದೆ. ಅದಿರಲಿ, ನಿನ್ನ ಮಾತೇ ನಿಜವಾದರೆ ಮೊದಲು ಹೋಗುವುದು ಯಾರ ಹೊಲ? ಯೋಚನೆ ಮಾಡಿದ್ದೀಯಾ?"

"ಮೂರು ದಿನ ಮಾಡಿದ್ದೇನೆ. ಆ ಹೊಲ ಮಾಡುವಾಗ ನೀವು ನಕ್ಕಿರಿ. ಬಿಡುವಾಗಲೂ ನಗಿ. ನನಗೆ ಎರಡಕ್ಕೂ ಯಾರ ಅಪ್ಪಣೆಯೂ ಬೇಡ."

ಬನದೊಳಗೆ ಕಾಲಿಟ್ಟದ್ದಕ್ಕೆ ಊರು ಅವಳಿಂದ ತಂಬಿಗೆಯನ್ನು ಕಿತ್ತುಕೊಂಡಿತು. ಬೇರೊಬ್ಬಳನ್ನು ಎಣಿಕೆಗೆ ನಿಲ್ಲಿಸಿತು. ಹೊಸಬಳು ಪ್ರತಿ ವರ್ಷವೂ ಹತ್ತೊಂಬತ್ತು ಬೀಜ ತಂದಳು.

ಗುದ್ದಲಿಯವಳು ಆ ವರ್ಷ ಹೊಲ ಉಳಲಿಲ್ಲ. ಮುಂದಿನ ವರ್ಷವೂ ಉಳಲಿಲ್ಲ. ಅವಳ ಕೈಯಿಂದ ಬಿತ್ತನೆ ಕಾಳು ಪಡೆದವರ ಹೊಲದಲ್ಲಿ ಕಳೆ ಕೀಳುವ ಕೂಲಿಗೆ ಹೋದಳು. "ಹೊಲ ಬಿಟ್ಟು ಹುಲ್ಲು ಸಾಕುವವಳು ಬಂದಳು" ಎಂದು ಜನ ಆಡಿಕೊಂಡರು. ಅವಳ ಹೊಲದಲ್ಲಿ ಮೊದಲು ಹುಲ್ಲು ಬಂತು. ಆಮೇಲೆ ಕಾರೆಮುಳ್ಳು, ತಂಗಡಿ. ಆಮೇಲೆ ಅವಳಿಗೆ ಹೆಸರು ಗೊತ್ತಿಲ್ಲದ ಗಿಡಗಳು. ತಾನು ಹತ್ತು ವರ್ಷ ಕಿತ್ತದ್ದೆಲ್ಲ ತಲೆಯೆತ್ತುವುದನ್ನು ಅವಳು ಬದುವಿನ ಮೇಲೆ ಕುಳಿತು ನೋಡುತ್ತಿದ್ದಳು. ಕೈ ಸುಮ್ಮನಿರುತ್ತಿರಲಿಲ್ಲ. ಒಂದೆರಡು ಸಲ ತನಗೇ ತಿಳಿಯದೆ ಕಳೆ ಕಿತ್ತಳು. ಕಿತ್ತದ್ದನ್ನು ಮತ್ತೆ ಮಣ್ಣಿಗೆ ಊರಿದಳು.

ಆರನೆಯ ವರ್ಷದ ಸೋಮವಾರ ಹೊಸ ಎಣಿಕೆಯವಳು ಸಿಳ್ಳು ಹಾಕಿದಳು. ಬನದಿಂದ ಏನೂ ಬರಲಿಲ್ಲ. ಮತ್ತೆ ಹಾಕಿದಳು. ಬಿಸಿಲೇರಿತು. ಮಂಗಟ್ಟೆ ಇಲ್ಲ, ಕುಟ್ರುಹಕ್ಕಿ ಇಲ್ಲ, ಮುದುಕಿಯೂ ಇಲ್ಲ. ಅವಳು ಖಾಲಿ ತಂಬಿಗೆ ಹಿಡಿದು ಊರಿಗೆ ಓಡಿದಳು.

"ನಿನ್ನೆ ಹತ್ತೊಂಬತ್ತಿತ್ತು, ಇವತ್ತು ಒಂದೂ ಇಲ್ಲ! ಒಂದೇ ದಿನಕ್ಕೆ ಎಲ್ಲ ಸತ್ತವೆ?" ಎಂದು ಊರು ಎದೆ ಬಡಿದುಕೊಂಡಿತು. ಇದು ಶಾಪ ಎಂದರು. ಗುದ್ದಲಿಯವಳು ಒಳಗೆ ಹೋಗಿ ಮೈಲಿಗೆ ಮಾಡಿದ್ದರಿಂದಲೇ ಹೀಗಾಯಿತು ಎಂದರು.

"ಇವತ್ತು ಸತ್ತದ್ದು ಒಂದು ಹಕ್ಕಿ" ಎಂದಳು ಅವಳು. "ಉಳಿದವು ಸತ್ತಾಗ ನೀವು ಉಳುತ್ತಿದ್ದಿರಿ."

ಕಟ್ಟಳೆಯಂತೆ ಬನಕ್ಕೆ ಅಂಟಿದ ಹೊಲಗಳನ್ನೆಲ್ಲ ಬೀಳು ಬಿಡಬೇಕಾಗಿತ್ತು. ಊರು ಒಂದು ದಿನ ಪೂರ್ತಿ ಕುಳಿತು ಮಾತಾಡಿತು. ಕಟ್ಟಳೆ ಬಹಳ ಹಳೆಯದು ಎಂದು ತೀರ್ಮಾನವಾಯಿತು. ತಂಬಿಗೆಯನ್ನು ಮನೆಯಲ್ಲಿ ಇಟ್ಟುಕೊಳ್ಳಲು ಯಾರಿಗೂ ಧೈರ್ಯವಿರಲಿಲ್ಲ. ಒಯ್ದು ಗುದ್ದಲಿಯವಳ ಬೀಳಿನಲ್ಲಿ ಎಸೆದರು. ಅವಳು ಅದನ್ನು ಎತ್ತಿ, ಹುಣಸೆಹಣ್ಣು ಹಚ್ಚಿ ತಿಕ್ಕಿ, ಮನೆಯ ಗೋಡೆಗೂಡಿನಲ್ಲಿಟ್ಟಳು.

ಇನ್ನೂ ಮೂರು ವರ್ಷ ಕಳೆಯಿತು. ಬೀಳಿನ ಗಿಡಗಳು ಅವಳ ತಲೆಯ ಮೇಲೆ ಹೋದವು. ಅವುಗಳ ಕೆಳಗೆ ಕೈಯಿಟ್ಟರೆ ಮಣ್ಣು ತಣ್ಣಗಿತ್ತು. ಆ ವರ್ಷದ ಸೋಮವಾರ ಅವಳು ತಂಬಿಗೆ ಹಿಡಿದು ಹೊಸ್ತಿಲುಗಲ್ಲಿನ ಮೇಲೆ ನಿಂತಳು. ಬನಕ್ಕೆ ಬೆನ್ನು ಕೊಡಲಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಲಿಲ್ಲ. ಸಿಳ್ಳು ಹಾಕಿದಳು. ಅಷ್ಟು ಹೊತ್ತಿಗೆ ಅವಳ ಮುಂದಿನ ಹಲ್ಲುಗಳೂ ಬಿದ್ದಿದ್ದವು. ಸಿಳ್ಳು ನಡುವೆ ಉಸ್ಸೆಂದು ಒಡೆಯಿತು. ತನ್ನ ಸಿಳ್ಳಿಗೆ ತಾನೇ ಬೆಚ್ಚಿದಳು.

ಬನ ಸುಮ್ಮನಿತ್ತು. ಬಹಳ ಹೊತ್ತು ಸುಮ್ಮನಿತ್ತು.

ಆಮೇಲೆ ಬೀಳಿನ ಪೊದೆಯೊಳಗಿಂದ ಒಂದು ಕಾಜಾಣ ಕೂಗಿತು. ಎಳೆಯ ಹಕ್ಕಿ. ಎರಡನೆಯ ಬನದ್ದಿರಬೇಕು. ಅದಕ್ಕೆ ಮಂಗಟ್ಟೆಯ ದನಿ ಬರುತ್ತಿರಲಿಲ್ಲ, ಕಾಡುಕೋಳಿಯ ದನಿ ಬರುತ್ತಿರಲಿಲ್ಲ. ಬರುತ್ತಿದ್ದದ್ದು ತನ್ನದೊಂದೇ. ಅದರ ಕೂಗು ಇನ್ನೂ ಮುಗಿದಿರಲಿಲ್ಲ. ಅಷ್ಟರಲ್ಲಿ ಈಚೆ ಬದಿಯಿಂದ, ಮೊದಲ ಬನದ ಅಂಚಿನಿಂದ, ಬೀಳು ದಾಟಿ ಬಂದಿದ್ದ ಇನ್ನೊಂದು ಅದರ ಮೇಲೆ ಬಿದ್ದು ಕೂಗಿತು. ಎರಡು ದನಿ ಒಂದರೊಳಗೊಂದು ಸೇರಿಹೋದವು. ಯಾವುದು ಮೊದಲು, ಯಾವುದು ಆಮೇಲೆ ಎಂದು ತಿಳಿಯದಂತಾಯಿತು.

ಎರಡೂ ಒಂದೇ ಬಗೆ. ಕಟ್ಟಳೆಯಂತೆ ಒಂದು ಬೀಜ ಹಾಕಬೇಕಾಗಿತ್ತು. ಅವಳು ಎರಡು ಹಾಕಿದಳು.

"ಈ ವರ್ಷ ಎಷ್ಟು?" ಎಂದು ದಾರಿಯಲ್ಲಿ ಸಿಕ್ಕವರು ತಮಾಷೆಗೆ ಕೇಳಿದರು.

"ಎರಡು" ಎಂದಳು. ಅಷ್ಟು ಜಂಬದಿಂದ ಹತ್ತೊಂಬತ್ತನ್ನು ಯಾರೂ ಹೇಳಿರಲಿಲ್ಲ.

ಅವ್ವ ಕತೆ ನಿಲ್ಲಿಸಿ ಮೊರವನ್ನು ಮತ್ತೆ ಮಡಿಲಿಗೆಳೆದುಕೊಂಡರು. ಹೊತ್ತು ಇಳಿಯುತ್ತಿತ್ತು. ಗಡಿಕಲ್ಲುಗಳ ನೆರಳು ಅಂಗಳದಲ್ಲಿ ಉದ್ದವಾಗಿತ್ತು.

"ಕತೆ ಚೆನ್ನಾಗಿದೆ ಅವ್ವಾ" ಎಂದ ಪುಟ್ಟಮಲ್ಲ. "ಆದರೆ ಅವರ ಬನಗಳು ಸಣ್ಣವು. ನಮ್ಮ ತುಂಡುಗಳು ದೊಡ್ಡವು. ಆ ಜನ ಕಣ್ಣು ಕಟ್ಟಿಕೊಂಡು, ಬೆನ್ನು ತಿರುಗಿಸಿ ಎಣಿಸಿದರು. ನಾನು ಕಣ್ಣು ಬಿಟ್ಟುಕೊಂಡು ಮೂಡಣ ತುಂಡಿಗೆ ಮುಖ ಮಾಡಿಯೇ ನಿಂತಿದ್ದೆ. ಬೆಳಕು ಹರಿದಾಗಿನಿಂದ ಬಿಸಿಲು ಬೆಚ್ಚಗಾಗುವವರೆಗೆ ಕೇಳಿದ್ದೇನೆ. ಇಪ್ಪತ್ತಮೂರು ದನಿ. ಒಂದನ್ನೂ ತಪ್ಪದೆ ಎಣಿಸಿದ್ದೇನೆ. ಬೇಕಾದರೆ ಯಾವುದರ ಹಿಂದೆ ಯಾವುದು ಬಂತು ಎಂದು ಸಾಲಾಗಿ ಹೇಳುತ್ತೇನೆ."

ಅವ್ವ ಒಂದು ಅವರೆಕಾಯಿ ಬಿಡಿಸಿದರು. ಕಾಳು ಮೊರಕ್ಕೆ ಬಿತ್ತು.

"ಮಲ್ಲಾ, ಅವುಗಳಲ್ಲಿ ಯಾವ ಎರಡು ಒಟ್ಟಿಗೆ ಕೂಗಿದವು?"